ಮನೆಯ ನಾಯಿ, ಕಣಜದ ಬೆಕ್ಕು: ಆರೋಗ್ಯ ಮತ್ತು ದಿನನಿತ್ಯದ ಆರೈಕೆ



ಬೇಸಾಯಶಾಸ್ತ್ರದ ವಿಜ್ಞಾನಿಯೊಬ್ಬ ನಾಯಿ ಬೆಕ್ಕುಗಳ ವಿಚಾರ ಬರೆಯುವುದು ನಿಮಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ರೈತರೊಬ್ಬರ ನೆಲಗಡಲೆ ತಾಕಿನಲ್ಲಿ ಇಲಿಗಳ ಹಾವಳಿ ಬಹಳವಾಗಿತ್ತು. ವಿಷ ತಿಂಡಿಯನ್ನು ಹೇಗೆ ಕಲಸಬೇಕು, ಯಾವ ಬಿಲಕ್ಕೆ ಎಷ್ಟು ಇಡಬೇಕು ಎಂಬುದನ್ನು ನಾನೇ ನಿಂತು ತೋರಿಸಿಕೊಟ್ಟೆ. ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಹದಿನೈದು ದಿನ ಬಿಟ್ಟು ಹೋದಾಗ ಇಲಿ ಕಾಟ ಕಡಿಮೆಯಾಗಿತ್ತು. ಆದರೆ ಜಗಲಿಯ ಮೇಲಿಂದ ಬೊಗಳುತ್ತಾ ಬರುತ್ತಿದ್ದ ನಾಯಿ ಕಾಣಲಿಲ್ಲ. ಮಿಕ್ಕಿದ್ದ ವಿಷ ತಿಂಡಿಯನ್ನು ತಟ್ಟೆಯಲ್ಲೇ ಕೊಟ್ಟಿಗೆಯ ಮೂಲೆಗೆ ಇಟ್ಟಿದ್ದರು. ನಾಯಿ ರಾತ್ರಿ ತಿಂದು ಬೆಳಗಾಗುವುದರೊಳಗೆ ಸತ್ತಿತ್ತು. "ಮಿಕ್ಕಿದ್ದನ್ನು ಏನು ಮಾಡಬೇಕೂಂತ ನೀವು ಹೇಳಲಿಲ್ಲವಲ್ಲ, ಸ್ವಾಮಿ" ಎಂದು ಆ ಮನೆಯ ಯಜಮಾನರು ಹೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಮಾತು ನಿಜವಾಗಿತ್ತು.

ಅಂದಿನಿಂದ ಪಶುವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ರೈತರ ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇನೆ. ಅವನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಸಾಕಿದ ನಾಯಿ ಬೆಕ್ಕುಗಳು ಸಾಯುವುದು ಹೆಚ್ಚಾಗಿ ನಾವು ತಡೆಯಬಹುದಾದ ಕಾರಣಗಳಿಂದಲೇ. ಒಂದು ಚುಚ್ಚುಮದ್ದು, ಮೂರು ತಿಂಗಳಿಗೊಂದು ಜಂತುಹುಳುವಿನ ಮಾತ್ರೆ, ವಿಷವನ್ನು ಬೀಗದೊಳಗೆ ಇಡುವ ಅಭ್ಯಾಸ, ಇಷ್ಟರಿಂದ ನಾಯಿ ಉಳಿಯುತ್ತದೆ. ಜೊತೆಗೆ ಮನೆಯ ಮಕ್ಕಳಿಗೂ ದನಕರುಗಳಿಗೂ ಬರಬಹುದಾದ ಕೆಲವು ಘೋರ ರೋಗಗಳೂ ದೂರವಾಗುತ್ತವೆ.

ಆರೋಗ್ಯವಂತ ನಾಯಿಯ ಗುರುತು

ಎತ್ತಿನ ಮೂತಿ, ಸಗಣಿ, ಮೆಲುಕು ನೋಡಿ ನೀವು ಅದರ ಆರೋಗ್ಯವನ್ನು ಹೇಳಬಲ್ಲಿರಿ. ನಾಯಿಯನ್ನೂ ಹಾಗೆಯೇ ದಿನಕ್ಕೊಮ್ಮೆ ಗಮನಿಸಬೇಕು. ಕಣ್ಣು ಸ್ವಚ್ಛವಾಗಿರಬೇಕು, ಪಿಸುರು ಕಟ್ಟಿರಬಾರದು. ವಸಡು ನಸುಗೆಂಪಾಗಿರಬೇಕು, ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆಯೆಂದೂ, ಹಳದಿಯಾಗಿದ್ದರೆ ಕಾಮಾಲೆಯೆಂದೂ ತಿಳಿಯಬೇಕು. ನಾಯಿಯ ಮೈಯ ಉಷ್ಣತೆ ನಮ್ಮದಕ್ಕಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆದ್ದರಿಂದ ಕೈ ಮುಟ್ಟಿ ಬಿಸಿಯಾಗಿದೆಯೆಂದ ಮಾತ್ರಕ್ಕೆ ಜ್ವರವೆನ್ನಲಾಗದು. ಊಟ ಬಿಟ್ಟು, ಕತ್ತಲೆಯ ಮೂಲೆ ಸೇರಿ, ಕರೆದರೂ ಬರದಿದ್ದರೆ ಅದು ಕಾಯಿಲೆಯ ಮೊದಲ ಸೂಚನೆ.

ಆಹಾರ ಮತ್ತು ನೀರು

ಮಿಕ್ಕಿದ ಮುದ್ದೆ, ಅನ್ನ, ಸಾರು ಹಾಕಿ ನಾಯಿಯನ್ನು ಸಾಕುವುದು ನಮ್ಮ ರೂಢಿ. ಬೆಂದ ರಾಗಿ, ಜೋಳ, ಅಕ್ಕಿಗಳನ್ನು ನಾಯಿ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಆದರೆ ಬರಿಯ ಹಿಟ್ಟಿನಿಂದ ಮೈ ಕಟ್ಟುವುದಿಲ್ಲ. ಮುದ್ದೆಯ ಜೊತೆ ಬೇಯಿಸಿದ ಮೊಟ್ಟೆ, ಮೀನು ಅಥವಾ ಮಾಂಸವನ್ನು ಆಗಾಗ ಕೊಡಬೇಕು. ಅನುಕೂಲವಿಲ್ಲದವರು ಬೆಂದ ಬೇಳೆ, ಮೊಸರುಗಳನ್ನಾದರೂ ಸೇರಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾದರೆ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಚಾಕೊಲೇಟ್ ಕೂಡ ಅದಕ್ಕೆ ವಿಷವೇ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳುಗಳಿಗೆ ಚುಚ್ಚುತ್ತದೆಯಾದ್ದರಿಂದ ಅದನ್ನು ಹಾಕಬಾರದು.

ಬೇಸಿಗೆಯಲ್ಲಿ ನೀರಿನ ಬಾನಿ ಸದಾ ತುಂಬಿರಲಿ. ನಮ್ಮಂತೆ ನಾಯಿಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದರಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಬಿಸಿಲಿನಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಬಿಸಿಲು ಹೊಡೆದು ಸಾಯುವುದುಂಟು. ಹಾಗಾದಾಗ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಹಾಕಿ, ಕೂಡಲೇ ವೈದ್ಯರಿಗೆ ತೋರಿಸಬೇಕು.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಅದರ ಪಕ್ಕೆಲುಬು ತುಸು ಕಾಣುವುದು ಹುಟ್ಟುಗುಣ. ಅದು ಓಟಕ್ಕೆ ಹೇಳಿ ಮಾಡಿಸಿದ ಮೈ. ಸೊರಗಿದೆಯೆಂದು ತುಂಬಿ ತುಂಬಿ ಬೊಜ್ಜು ಬೆಳೆಸಬಾರದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ತಿಮ್ಮಾಪುರದಲ್ಲಿ, ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿಯ ವಿಚಾರ ಅಲ್ಲಿ ತಿಳಿಯಬಹುದು.

ಹುಚ್ಚುನಾಯಿ ರೋಗ

ನಾಯಿಯಿಂದ ಮನುಷ್ಯನಿಗೆ ಬರುವ ರೋಗಗಳಲ್ಲಿ ಇದರಷ್ಟು ಭಯಂಕರವಾದದ್ದು ಬೇರೊಂದಿಲ್ಲ. ಇದರ ವೈರಾಣು ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಡಿತದ ಮೂಲಕ ಒಳಹೊಕ್ಕು ನರಗಳ ದಾರಿಯಲ್ಲಿ ಮೆಲ್ಲಗೆ ಮಿದುಳಿಗೆ ಏರುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ 1ರಿಂದ 3 ತಿಂಗಳಲ್ಲಿ ಲಕ್ಷಣಗಳು ಕಾಣುತ್ತವೆ. ಕೆಲವೊಮ್ಮೆ ವಾರದಲ್ಲೇ ಕಾಣಬಹುದು, ಕೆಲವೊಮ್ಮೆ ವರ್ಷವೂ ಕಳೆಯಬಹುದು. ಲಕ್ಷಣ ಕಂಡ ಮೇಲೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಶಂಕಿತ ನಾಯಿಗಳ ಕಡಿತಕ್ಕೆ ಈಡಾದವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು.

ರೋಗ ಬಂದ ನಾಯಿ ಯಾವಾಗಲೂ ಕೆರಳಿ ಓಡಾಡುತ್ತದೆಂದು ತಿಳಿಯಬಾರದು. ಕೆಲವು ನಾಯಿಗಳು ಸುಮ್ಮನೆ ಮಂಕಾಗಿ, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ ಮಲಗಿಬಿಡುತ್ತವೆ. ಗಂಟಲಿಗೆ ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುತ್ತಾರೆ. ದನ ಎಮ್ಮೆಗಳಿಗೂ ಈ ರೋಗ ಬರುತ್ತದೆ. ಎಡೆಬಿಡದೆ ಅರಚುವುದು, ಜೊಲ್ಲು ಸುರಿಸುವುದು, ಮೇವು ನುಂಗಲಾಗದಿರುವುದು, ಹಿಂಗಾಲು ತಡವರಿಸುವುದು ಇವು ಅದರ ಚಿಹ್ನೆಗಳು. ಇಂಥ ದನದ ಬಾಯಿಗೂ ಬರಿಗೈ ಹಾಕಕೂಡದು.

ಕಡಿತವಾದಾಗ ಮಾಡಬೇಕಾದದ್ದು:

1. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಬೇಕು. ವೈರಾಣು ನರ ಸೇರುವ ಮೊದಲೇ ಗಾಯದಲ್ಲಿ ಅದನ್ನು ಕಡಿಮೆ ಮಾಡುವ ಉಪಾಯವಿದು.

2. ಸುಣ್ಣ, ಖಾರದಪುಡಿ, ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಕಟ್ಟಲೂಬಾರದು.

3. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಕೊಡುತ್ತಾರೆ. ಉಗುರಿನ ಗೀರು, ತರಚಿದ ಜಾಗವನ್ನು ನಾಯಿ ನೆಕ್ಕಿದ್ದು ಇವನ್ನೂ ಕಡೆಗಣಿಸಬಾರದು.

4. ಹೇಳಿದ ದಿನಗಳಂದು ಎಲ್ಲಾ ಸೂಜಿಗಳನ್ನೂ ಪೂರ್ತಿ ಹಾಕಿಸಿಕೊಳ್ಳಬೇಕು. ಒಂದೆರಡಕ್ಕೆ ನಿಲ್ಲಿಸಕೂಡದು.

ಹೊಕ್ಕುಳ ಸುತ್ತ 14 ಸೂಜಿ ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಸಲ ಕೊಡುವ ಸೂಜಿಗಳು ಮಾತ್ರ. "ಸಾಕಿದ ನಾಯಿಯೇ ತಾನೆ, ನೋಡೋಣ" ಎಂದು ಕಾಯುವುದೂ ತಪ್ಪು. ನಾಯಿಯನ್ನು ಕಟ್ಟಿಹಾಕಿ 10 ದಿನ ನೋಡುವುದು ಸರಿ. ಆದರೆ ಲಸಿಕೆಯನ್ನು ಮೊದಲ ದಿನವೇ ಆರಂಭಿಸಬೇಕು. ಹುಚ್ಚುನಾಯಿ ಕಡಿದ ದನಕ್ಕೂ ಗಾಯ ತೊಳೆದು, ಪಶುವೈದ್ಯರಿಂದ ಕೂಡಲೇ ಸರಣಿ ಲಸಿಕೆ ಹಾಕಿಸಬೇಕು.

ಇದಕ್ಕೆಲ್ಲಾ ಮೂಲ ಪರಿಹಾರ ನಾಯಿಗೇ ಲಸಿಕೆ. ಮರಿಗೆ 3 ತಿಂಗಳು ತುಂಬಿದಾಗ ಮೊದಲನೆಯದು, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೊಂದು, ನಂತರ ವರ್ಷಕ್ಕೊಮ್ಮೆ. ಒಂದು ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗ ಆ ಊರಿನ ನಾಯಿಗಳಲ್ಲಿ ಹರಡುವುದು ನಿಲ್ಲುತ್ತದೆ. ಆದ್ದರಿಂದ ಒಬ್ಬರೇ ಹಾಕಿಸಿದರೆ ಸಾಲದು, ಊರೊಟ್ಟಾಗಿ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರ ನಡೆಯುತ್ತದೆ. ಹಾಲಿನ ಸಹಕಾರ ಸಂಘದವರು, ಯುವಕ ಸಂಘದವರು ಮುಂದಾಗಿ ಇದನ್ನು ಊರಿಗೆ ತರಿಸಬಹುದು. ಮರಿ ಬೇಡವೆನ್ನುವವರು ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ಊರಾಚೆ ಬಿಟ್ಟುಬಂದ ಮರಿಗಳೇ ನಾಳೆ ಲಸಿಕೆ ಕಾಣದ ಬೀದಿನಾಯಿಗಳಾಗುತ್ತವೆ.

ಮರಿಗಳನ್ನು ಕೊಲ್ಲುವ ರೋಗಗಳು

ಪಾರ್ವೋ ಎಂಬ ವೈರಾಣು ರೋಗ 1978ರಲ್ಲಿ ಜಗತ್ತಿನ ಗಮನಕ್ಕೆ ಬಂತು. ಈಗ ನಮ್ಮ ಹಳ್ಳಿಗಳಲ್ಲೂ ಇದೆ. ಮರಿ ಊಟ ಬಿಟ್ಟು ವಾಂತಿ ಮಾಡುತ್ತದೆ, ಕೆಟ್ಟ ವಾಸನೆಯ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲೇ ಸಾಯಬಹುದು. ಹೆಚ್ಚಿನ ಮರಿಗಳು ಸಾಯುವುದು ಮೈಯ ನೀರು ಬತ್ತಿ. ಆದ್ದರಿಂದ ಮೊದಲ ದಿನವೇ ಗ್ಲೂಕೋಸ್ ಹಾಕಿಸಿದರೆ ಬದುಕುವ ಸಂಭವವಿದೆ. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಇದರಿಂದ ಸತ್ತ ಮನೆಗೆ ಲಸಿಕೆ ಹಾಕಿಸದ ಇನ್ನೊಂದನ್ನು ತರಬಾರದು.

ಡಿಸ್ಟೆಂಪರ್ ರೋಗದಲ್ಲಿ ಜ್ವರ, ಕಣ್ಣು ಮೂಗುಗಳಿಂದ ಕೀವು, ಕೆಮ್ಮು ಮೊದಲಾಗಿ, ಕೊನೆಗೆ ಕೈಕಾಲು ಅದುರಿ ಫಿಟ್ಸ್ ಬರುತ್ತದೆ. ಈ ಎರಡಕ್ಕೂ, ಇಲಿಜ್ವರಕ್ಕೂ ಸೇರಿ ಒಂದೇ ಸಂಯುಕ್ತ ಲಸಿಕೆ ದೊರೆಯುತ್ತದೆ. 6ರಿಂದ 8 ವಾರದ ಮರಿಗೆ ಆರಂಭಿಸಿ, 3–4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ಹಾಕಿಸಬೇಕು. ಮುಂದಿನ ಕ್ರಮವನ್ನು ವೈದ್ಯರು ತಿಳಿಸುತ್ತಾರೆ. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ಗದ್ದೆಯ ನೀರಿಗೆ ಸೇರಿ ನಾಯಿಗೂ ದನಕ್ಕೂ ನಾಟಿ ಮಾಡುವವರಿಗೂ ತಗುಲುತ್ತದೆಂಬುದು ನೆನಪಿರಲಿ. ಕಣ್ಣು ಬಿಟ್ಟೊಡನೆ ಮರಿಯನ್ನು ತಾಯಿಯಿಂದ ಅಗಲಿಸಿ ತರುವ ರೂಢಿಯೂ ಕೆಟ್ಟದ್ದು. ಎಂಟು ವಾರವಾದರೂ ತಾಯಿಯ ಜೊತೆಗಿರಲಿ.

ಹೊಟ್ಟೆಯ ಹುಳುಗಳು

ಮರಿಯ ಹೊಟ್ಟೆ ಊದಿ, ಕೂದಲು ಒರಟಾಗಿ, ಎಷ್ಟು ತಿಂದರೂ ಮೈ ಹತ್ತದಿದ್ದರೆ ಜಂತುಹುಳುವೆಂದು ಊಹಿಸಬಹುದು. ದುಂಡುಹುಳು ತಾಯಿಯ ಗರ್ಭದಲ್ಲೇ, ಹಾಲಿನಲ್ಲೂ ಮರಿಗೆ ಬರುತ್ತದೆ. ಆದ್ದರಿಂದ ಎರಡು ವಾರದ ಮರಿಗೇ ಔಷಧಿ ಆರಂಭಿಸಿ, ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ ಕೊಡಬೇಕು. ಪ್ರಮಾಣವು ಮರಿಯ ತೂಕವನ್ನು ಅವಲಂಬಿಸಿದೆ. ವೈದ್ಯರನ್ನು ಕೇಳಿಯೇ ಕೊಡಿ. ಕೊಕ್ಕೆಹುಳು ರಕ್ತ ಹೀರಿ ಮರಿಯನ್ನು ಬಿಳಿಚಿಸುತ್ತದೆ. ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮವನ್ನೂ ಇದರ ಮರಿಹುಳು ಕೊರೆಯುತ್ತದೆ.

ಕುರಿ ಮೇಕೆ ಸಾಕುವವರು ಲಾಡಿಹುಳುವಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಕುರಿ ಕಡಿದಾಗ ಈಲಿ, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಿದ್ದರೆ ಅವನ್ನು ನಾಯಿಗೆ ಎಸೆಯುವುದು ಎಲ್ಲೆಡೆ ಕಾಣುವ ಪದ್ಧತಿ. ಆ ಗುಳ್ಳೆ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳುಗಳಾಗಿ ಬೆಳೆಯುತ್ತದೆ. ಅವುಗಳ ಮೊಟ್ಟೆ ಮಲದೊಡನೆ ಬಿದ್ದು ಹುಲ್ಲಿನಿಂದ ಕುರಿಗೂ, ಕೈಯಿಂದ ಮನುಷ್ಯನಿಗೂ ಸೇರಿ ಮತ್ತೆ ಈಲಿಯಲ್ಲಿ ಗುಳ್ಳೆಯಾಗುತ್ತದೆ. ಮಿದುಳಿನಲ್ಲಿ ಗುಳ್ಳೆಯಾಗಿ ಕುರಿ ಒಂದೇ ಕಡೆಗೆ ಸುತ್ತುವ ರೋಗವೂ ನಾಯಿಯ ಇನ್ನೊಂದು ಬಗೆಯ ಲಾಡಿಹುಳುವಿನಿಂದಲೇ ಬರುವಂಥದ್ದು. ಅದು ನಾಯಿಗೆ ಹೋಗುವುದು ಸತ್ತ ಕುರಿಯ ತಲೆ ತಿಂದಾಗ. ಹಸಿ ಕರುಳು, ಈಲಿ, ತಲೆಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿ ಅಥವಾ ಸುಡಿ. ಮಂದೆ ಕಾಯುವ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ತಪ್ಪದೆ ಕೊಡಿಸಿ. ಇಷ್ಟರಿಂದ ಹುಳುವಿನ ಈ ಸುತ್ತು ಕಡಿದುಹೋಗುತ್ತದೆ.

ಉಣ್ಣೆ, ಚಿಗಟ, ಕಜ್ಜಿ

ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ರಕ್ತದೊಳಗೆ ರೋಗಾಣುಗಳನ್ನೂ ಬಿಡುತ್ತದೆ. ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ತುಂಬಿಕೊಂಡ ಹೆಣ್ಣುಣ್ಣೆ ನಾಯಿಯಿಂದ ಕಳಚಿ ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಯ ಮೈಗೆ ಮಾತ್ರ ಮದ್ದು ಹಾಕಿದರೆ ಸಾಲದು; ಅದು ಮಲಗುವ ಜಾಗದ ಬಿರುಕುಗಳನ್ನು ಮುಚ್ಚಿ, ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ಸಾಬೂನು ನೀರಿಗೆ ಹಾಕಿ. ಉಗುರಿನಲ್ಲಿ ಹಿಸುಕಬೇಡಿ.

ಮಲೆನಾಡಿನವರು ಇನ್ನೂ ಎಚ್ಚರವಾಗಿರಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಸೊಪ್ಪು ಸೌದೆಗೆಂದು ಕಾಡಿಗೆ ಹೋಗಿ ಬಂದವರು ನಾಯಿಯ ಮೈಯನ್ನೂ ತಮ್ಮ ಮೈಯನ್ನೂ ಅಂದೇ ನೋಡಿಕೊಳ್ಳಬೇಕು.

ಕಜ್ಜಿಯಾದ ನಾಯಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವುದನ್ನು ಕಾಣುತ್ತೇವೆ. ಚರ್ಮ ಸುಡುತ್ತದೆ, ನೆಕ್ಕಿದ ನಾಯಿಯ ಹೊಟ್ಟೆಗೂ ವಿಷ ಹೋಗುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಹಾಕಿ ನಾಯಿಗೆ ಮೈ ತೊಳೆಸುವುದಂತೂ ಕೂಡದು. ಹೆಸರು ಒಂದೇ ಇದ್ದರೂ ಬೆಳೆಯ ಮದ್ದಿನ ಸಾಂದ್ರತೆ ಬೇರೆ, ಅದರಲ್ಲಿ ಬೆರೆತ ದ್ರಾವಕ ಬೇರೆ. ಕಜ್ಜಿಗೆ ಒಳ್ಳೆಯ ಔಷಧಿಗಳು ಪಶು ಆಸ್ಪತ್ರೆಯಲ್ಲಿವೆ.

ಹುಳು ಬಿದ್ದ ಗಾಯ

ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲೇ ಗಾಯದಲ್ಲಿ ಹುಳು ಬೀಳುತ್ತದೆ. ಇದಕ್ಕೆ ಫೋರೇಟ್ ಹರಳು ತುಂಬುವ ಅಭ್ಯಾಸ ಕೆಲವೆಡೆ ಇತ್ತು. ಹುಳುವಿನ ಜೊತೆ ನಾಯಿಯೂ ಸಾಯುತ್ತಿತ್ತು. ಫೋರೇಟ್ 2020ರ ಕೊನೆಗೆ ದೇಶದಲ್ಲಿ ಪೂರ್ತಿ ನಿಷೇಧವಾಗಿದೆ. ಹಳೆಯ ಡಬ್ಬಿ ಮೂಲೆಯಲ್ಲಿದ್ದರೆ ಯಾವ ಕೆಲಸಕ್ಕೂ ತೆಗೆಯಬೇಡಿ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಸ್ವಲ್ಪ ಹೊತ್ತು ಇಟ್ಟರೆ ಹುಳು ಹೊರಬರುತ್ತದೆ. ಚಿಮುಟದಿಂದ ತೆಗೆದು, ತೊಳೆದು, ನೊಣ ಕೂರದ ಮುಲಾಮು ಹಚ್ಚಬೇಕು. ಕಿವಿ, ಕಣ್ಣುಗಳ ಹತ್ತಿರದ ಗಾಯವಾದರೆ ವೈದ್ಯರೇ ನೋಡಲಿ.

ನಮ್ಮ ಕೈಯಿಂದಲೇ ಆಗುವ ವಿಷಪ್ರಾಶನ

ನಾನು ಈ ಲೇಖನ ಬರೆಯಲು ಕಾರಣವಾದ ಭಾಗವಿದು. ಇಲಿಗಳಿಗೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಸೇರಿಸಿ ವಿಷ ತಿಂಡಿ ಮಾಡುವುದು ನಿಮಗೆ ಗೊತ್ತಿದೆ. ಇದು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಆದ್ದರಿಂದ ಈ ಐದನ್ನು ತಪ್ಪದೆ ಪಾಲಿಸಿ:

1. ಹಿಂದಿನ ದಿನ ಬಿಲಗಳನ್ನೆಲ್ಲಾ ಮುಚ್ಚಿ, ಮರುದಿನ ತೆರೆದವನ್ನು ಮಾತ್ರ ಎಣಿಸಿ, ಬೇಕಾದಷ್ಟೇ ಕಲಸಿ.

2. ಪೊಟ್ಟಣ ಕಟ್ಟಿ ಬಿಲದೊಳಗೆ ಇಟ್ಟು ಮಣ್ಣಿನಿಂದ ಮುಚ್ಚಿ. ಬದುವಿನ ಮೇಲೆ ಚೆಲ್ಲಬೇಡಿ.

3. ಮಿಕ್ಕಿದ್ದನ್ನೂ, ಕಲಸಿದ ಎಲೆ ಅಥವಾ ತಟ್ಟೆಯನ್ನೂ ಅಂದೇ ಆಳವಾಗಿ ಹೂಳಿ.

4. ಆ ದಿನಗಳಲ್ಲಿ ನಾಯಿಯನ್ನು ಕಟ್ಟಿ, ಬೆಕ್ಕನ್ನು ಕೂಡಿಹಾಕಿ.

5. ಸತ್ತ ಇಲಿಗಳನ್ನು ಬೆಳಿಗ್ಗೆಯೇ ಆರಿಸಿ ಹೂಳಿ.

ಎಲೆ ತಿನ್ನುವ ಹುಳುವಿಗೆ ತೌಡು, ಬೆಲ್ಲ, ಕೀಟನಾಶಕ ಬೆರೆಸಿ ಮಾಡುವ ವಿಷಪಾಷಾಣಕ್ಕೂ ಇದೇ ಮಾತು. ಬೆಲ್ಲದ ವಾಸನೆಗೆ ನಾಯಿಯೂ ದನವೂ ಬರುತ್ತವೆ. ಸಿಂಪರಣೆಯ ಡ್ರಮ್ಮಿನ ನೀರು, ತೊಳೆದ ಬಕೆಟ್ಟು, ಬೀಜೋಪಚಾರ ಮಾಡಿ ಉಳಿದ ಕಾಳು ಇವೂ ಅಷ್ಟೇ ಅಪಾಯ.

ಜೊಲ್ಲು, ನಡುಕ, ಕಣ್ಣಿನ ಪಾಪೆ ಚಿಕ್ಕದಾಗುವುದು ಕಂಡರೆ ಕೀಟನಾಶಕದ ವಿಷವೆಂದು ಸಂದೇಹಿಸಿ. ಮೈಮೇಲೆ ಬಿದ್ದಿದ್ದರೆ ಕೈಗವಸು ತೊಟ್ಟು ಸಾಬೂನು ನೀರಿನಲ್ಲಿ ತೊಳೆಯಿರಿ. ಹಾಲು, ಎಣ್ಣೆ, ತುಪ್ಪ ಕುಡಿಸಬೇಡಿ. ಕೆಲವು ವಿಷಗಳು ಜಿಡ್ಡಿನೊಡನೆ ಬೇಗ ಮೈಗೆ ಸೇರುತ್ತವೆ. ಮದ್ದಿನ ಡಬ್ಬಿಯನ್ನೋ ಚೀಟಿಯನ್ನೋ ಜೊತೆಗೆ ಹಿಡಿದು ಪಶು ಆಸ್ಪತ್ರೆಗೆ ಓಡಿ. ಇಲಿಪಾಷಾಣ ತಿಂದ ನಾಯಿಯ ವಾಂತಿಯಿಂದ ಮುಖ ದೂರವಿಡಿ, ಅದರಿಂದಲೂ ಅನಿಲ ಬರುತ್ತದೆ. ಬ್ರೋಮಡಿಯೋಲೋನ್ ಬಿಲ್ಲೆಯ ವಿಷ ಬೇರೆ ಬಗೆಯದು. ತಿಂದು ಕೆಲವು ದಿನಗಳ ನಂತರ ರಕ್ತಸ್ರಾವ ಶುರುವಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದಿದೆ. ತಿಂದದ್ದು ತಿಳಿದ ದಿನವೇ ಹೋದರೆ ಉಳಿಸಬಹುದು.

ಬೆಕ್ಕಿನ ವಿಚಾರ

ಕಣಜ ಕಾಯುವ ಬೆಕ್ಕಿಗೂ ರೇಬೀಸ್ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಬೇಕು. ಬೆಕ್ಕು ಕಚ್ಚಿದರೂ ಪರಚಿದರೂ ನಾಯಿ ಕಡಿತದಂತೆಯೇ ಎಣಿಸಿ. ಬೆಕ್ಕಿಗೆ ಮಾಂಸದ ಅಂಶವಿಲ್ಲದೆ ಬದುಕಿಲ್ಲ; ಬರಿಯ ಹಾಲು ಅನ್ನದಲ್ಲಿ ಸಾಕಿದ ಬೆಕ್ಕು ಸೊರಗುತ್ತದೆ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದು ಮಾತ್ರೆ ಸಾಕು, ಬೆಕ್ಕು ಸಾಯುತ್ತದೆ. ನಾಯಿಯ ಉಣ್ಣೆಗೆಂದು ತಂದ ಮದ್ದನ್ನು ಬೆಕ್ಕಿಗೆ ಹಚ್ಚಬೇಡಿ. ಪರ್ಮೆಥ್ರಿನ್ ಇರುವ ಮದ್ದು ನಾಯಿಗೆ ಒಗ್ಗುತ್ತದೆ, ಬೆಕ್ಕಿಗೆ ಒಗ್ಗುವುದಿಲ್ಲ.

ಕೊನೆಯ ಮಾತು

ಎತ್ತಿಗೆ ಗೊರಸು ಒಡೆದರೆ ಅಂದೇ ಆಸ್ಪತ್ರೆಗೆ ಹೊಡೆದುಕೊಂಡು ಹೋಗುತ್ತೀರಿ. ಹೊಲದ ಹಂದಿ ಬೆದರಿಸುವ, ಕೊಟ್ಟಿಗೆ ಕಾಯುವ ನಾಯಿಗೆ ವರ್ಷಕ್ಕೊಂದು ದಿನ ಮೀಸಲಿಡುವುದು ದೊಡ್ಡ ಮಾತಲ್ಲ. ಯುಗಾದಿಯ ಪಂಚಾಂಗದ ಹೊದಿಕೆಯ ಮೇಲೆ ನಾಯಿಗೆ ಲಸಿಕೆ ಹಾಕಿಸಿದ ತಾರೀಖನ್ನೂ, ಮುಂದಿನ ತಾರೀಖನ್ನೂ ಬರೆದಿಡಿ. ವಿಷದ ಡಬ್ಬಿಗಳನ್ನು ಇಂದೇ ಬೀಗವಿರುವ ಪೆಟ್ಟಿಗೆಗೆ ಸೇರಿಸಿ.

ಇನ್ನು ನನ್ನ ಮಾತು. ಈಗ ಯಾವ ಊರಿನಲ್ಲಿ ಇಲಿ ನಿಯಂತ್ರಣ ತೋರಿಸಿದರೂ, ಮಿಕ್ಕ ವಿಷ ತಿಂಡಿಯನ್ನು ಗುಂಡಿ ತೆಗೆದು ಹೂಳುವವರೆಗೆ ನಾನು ಅಲ್ಲಿಂದ ಹೊರಡುವುದಿಲ್ಲ.